ಪರಚದೆ ಹೋದ ಬೆಕ್ಕು

ಶನಿವಾರ ಬೆಳಿಗ್ಗೆ ಪುಟ್ಟಣ್ಣನ ಫೋನಿಗೆ ಮನೆ ಮಾಲೀಕ ಮಾರ್ಟಿನ್‌ನಿಂದ ಒಂದು ಮೆಸೇಜು ಬಂತು. ಸಂಜೆ ಆ ಕಡೆ ಬರುವವನಿದ್ದೇನೆ, ಮನೆ ಒಮ್ಮೆ ನೋಡಿ ಹೋಗುತ್ತೇನೆ, ನೋ ಬಾದರ್, ತೊಂದರೆಯೇನಿಲ್ಲ, ಎಂದಷ್ಟೇ ಅದರಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಓದಿ, ಕಾಫಿ ಕುಡಿದು, ಮರೆತುಬಿಡುತ್ತಿದ್ದರು. ಆದರೆ ಪುಟ್ಟಣ್ಣ ಇದ್ದದ್ದು ಅತ್ಲೋನಿನಲ್ಲಿ, ಬಾಡಿಗೆ ಮನೆಯಲ್ಲಿ. ಐರ್ಲೆಂಡಿನಲ್ಲಿ ಈಗ ಬಾಡಿಗೆ ಮನೆ ಸಿಗುವುದಕ್ಕಿಂತ ವಧು ಸಿಗುವುದು ಸುಲಭ. ಈ ಮನೆ ಸಿಗುವ ಮೊದಲು ಅವನೂ ಹೆಂಡತಿ ಐಶುವೂ ಸ್ನೇಹಿತರ ಮನೆಯ ಹಾಲ್‌ನಲ್ಲಿ ತಿಂಗಳುಗಟ್ಟಲೆ ಮಲಗಿ, ಆ ಸ್ನೇಹವನ್ನೇ ಕಳೆದುಕೊಂಡಿದ್ದರು.

ಮೆಸೇಜು ಓದಿ ತಲೆಯೆತ್ತಿದರೆ ಎದುರಿಗೇ ಸೋಫಾ. ಮಾಲೀಕನದೇ ಸೋಫಾ, ಕಂದು ಚರ್ಮದ್ದು. ಅದರ ಒಂದು ಕೈಯ ತುಂಬ ಗೀರು. ಮೇಲಿಂದ ಕೆಳಗಿನವರೆಗೆ ಹರಿದು ಒಳಗಿನ ಹತ್ತಿ ಇಣುಕುತ್ತಿತ್ತು. ಇವರು ಬರುವಾಗಲೇ ಹಾಗಿತ್ತೋ ಆಮೇಲೆ ಆಯಿತೋ ಯಾರೂ ನೋಡಿಟ್ಟುಕೊಂಡಿರಲಿಲ್ಲ, ಮೇಲೆ ಸದಾ ಒಂದು ಹೊದಿಕೆ ಇರುತ್ತಿತ್ತು. ಈಗ ಹೊದಿಕೆ ಒಗೆಯಲು ಹೋಗಿತ್ತು. ಆ ಹರಿದ ಕೈಯ ಮೇಲೆ ಕಾಲು ಮಡಚಿಕೊಂಡು ಕೂತಿತ್ತು ಕರಿ ಬೆಕ್ಕು, ಚನ್ನಮ್ಮ.

ಚನ್ನಮ್ಮ ಇವರು ತಂದ ಬೆಕ್ಕಲ್ಲ. ಮನೆಯ ಬೀಗ ತೆಗೆದ ದಿನವೇ ಒಳಗಿದ್ದಳು. ಮನೆ ತೋರಿಸಿದ ಏಜೆಂಟು, "ಒಂದು ಬೆಕ್ಕಿದೆ, ಶೀ ಈಸ್ ಗ್ರ್ಯಾಂಡ್, ಏನೂ ತೊಂದರೆ ಇಲ್ಲ" ಎಂದು ಹವಾಮಾನ ಹೇಳುವ ಹಾಗೆ ಹೇಳಿ ಹೋಗಿದ್ದ. ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದಿರಬೇಕು ಎಂದು ಪುಟ್ಟಣ್ಣ ಅಂದುಕೊಂಡ. ಐಶು ತನ್ನ ಸೋದರತ್ತೆಯ ಹೆಸರಿಟ್ಟಳು, ಯಾಕೆಂದರೆ ಇಬ್ಬರೂ ಕೂರುವ ಗತ್ತು ಒಂದೇ. ಪುಟ್ಟಣ್ಣನಿಗೆ ಮೊದಮೊದಲು ಬೆಳಿಗ್ಗೆ ಎದ್ದು ಕರಿ ಬೆಕ್ಕಿನ ಮುಖ ನೋಡುವುದೆಂದರೆ ಎದೆ ಝಲ್ಲೆನ್ನುತ್ತಿತ್ತು. ಕೆಲಸಕ್ಕೆ ಹಿತ್ತಲ ಬಾಗಿಲಿಂದ ಹೋಗುತ್ತಿದ್ದ. ಆಮೇಲೆ ಒಂದು ದಿನ ಮೀನಿನ ಡಬ್ಬಿ ತೆಗೆದು ತಟ್ಟೆಯ ಅಂಚನ್ನು ಬೆರಳಿಂದ ತಟ್ಟಿದ. ಅವಳು ಬಂದಳು. ಅಲ್ಲಿಂದ ಅವನು ತಟ್ಟುವುದು, ಅವಳು ಬರುವುದು ಅಭ್ಯಾಸವಾಯಿತು. ಅದನ್ನು ಪ್ರೀತಿ ಎಂದು ಕರೆಯಲು ಪುಟ್ಟಣ್ಣ ಒಪ್ಪುತ್ತಿರಲಿಲ್ಲ.

ಐಶುವಿಗೆ ಅವತ್ತು ಆಸ್ಪತ್ರೆಯಲ್ಲಿ ಲಾಂಗ್ ಡೇ, ಬೆಳಿಗ್ಗೆಯಿಂದ ರಾತ್ರಿಯವರೆಗಿನ ಡ್ಯೂಟಿ. ಡ್ಯೂಟಿಯಲ್ಲಿದ್ದಾಗ ಅವಳ ಫೋನು ಲಾಕರಿನಲ್ಲಿರುತ್ತದೆ. ಅವಳು ಸಿಕ್ಕಿದ್ದರೆ ಈ ಕತೆ ನಡೆಯುತ್ತಲೇ ಇರಲಿಲ್ಲ. ಅವಳು ಸಿಗದೆ ಪುಟ್ಟಣ್ಣ ಪಕ್ಕದ ಮನೆಯ ಈಶ್ವರಪ್ಪನವರಿಗೆ ಫೋನು ಮಾಡಿದ. ಕಾಲೇಜಿನ ಲ್ಯಾಬು ನೋಡಿಕೊಳ್ಳುವ ಈಶ್ವರಪ್ಪನವರಿಗೆ ಊರ ಉಸಾಬರಿಯೆಂದರೆ ಪ್ರಾಣ. ಫೋನು ಇಡುವಷ್ಟರಲ್ಲಿ ಬಾಗಿಲಲ್ಲಿದ್ದರು.

ಮೆಸೇಜು ಓದಿ ಅವರು ಕನ್ನಡಕ ತೆಗೆದರು. "ಪುಟ್ಟಣ್ಣ, ಈ ಐರಿಷ್ ಜನ ಬಾಯ್ಬಿಟ್ಟು ಏನೂ ಹೇಳಲ್ಲ ಕಣಯ್ಯ. 'ನೋ ಬಾದರ್' ಅಂದ್ರೆ ಬಾದರ್ ಐತೆ ಅಂತ. 'ಮನೆ ನೋಡಿ ಹೋಗ್ತೀನಿ' ಅಂದ್ರೆ ನಿನ್ನ ಕಳಿಸಿ ಹೋಗ್ತೀನಿ ಅಂತ."

"ಸರ್, ಹಂಗನ್ಬೇಡಿ. ಬಾಡಿಗೆ ಒಂದು ದಿನಾನೂ ತಡ ಮಾಡಿಲ್ಲ."

"ಬಾಡಿಗೆ ಅಲ್ಲ, ನೋಡಿಲ್ಲಿ." ಅವರ ಕಣ್ಣು ಸೋಫಾದ ಮೇಲೆ ನಿಂತಿತು. "ಕರಿ ಬೆಕ್ಕು! ಮನೆ ಒಳಗೆ! ನಾಯಿ ದಿನಾ ಎದ್ದು ಯಜಮಾನ ಚೆನ್ನಾಗಿರ್ಲಿ, ನಂಗೆ ಎರಡು ತುತ್ತು ಜಾಸ್ತಿ ಹಾಕ್ಲಿ ಅಂತ ಬೇಡ್ಕೊಳ್ಳುತ್ತೆ. ಬೆಕ್ಕು ಯಜಮಾನನ ಕಣ್ಣು ಹೋಗ್ಲಿ, ಹಾಲಿನ ಪಾತ್ರೆ ನಂಗೇ ಬಿಡ್ಲಿ ಅಂತ ಬೇಡ್ಕೊಳ್ಳುತ್ತೆ."

"ಯಾರು ಸರ್ ಕೇಳಿಸ್ಕೊಂಡೋರು?"

"ನಮ್ಮಜ್ಜಿ."

ಅಜ್ಜಿಯ ಮಾತಿಗೆ ಅಪೀಲಿಲ್ಲ. ಚನ್ನಮ್ಮ ಆಕಳಿಸಿ, ಮುಂಗಾಲು ಚಾಚಿ, ಸಾಕ್ಷಿಗೆಂಬಂತೆ ಸೋಫಾವನ್ನು ಇನ್ನೊಮ್ಮೆ ಪರ್ರನೆ ಕೆರೆದಳು.

ಗೀರು ಮುಚ್ಚುವುದಕ್ಕೆ ಈಶ್ವರಪ್ಪನವರ ಬಳಿ ಉಪಾಯವಿತ್ತು. ಮನೆಗೆ ಹೋಗಿ ಕಂದು ಬಣ್ಣದ ಶೂ ಪಾಲಿಶ್ ತಂದರು. ಕಂದಿನಲ್ಲಿ ಎಷ್ಟು ಜಾತಿ ಇದೆಯೆಂದು ಹಚ್ಚಿದ ಮೇಲೆ ತಿಳಿಯಿತು. ಸೋಫಾದ ಕೈ ಒಂದು ಬಣ್ಣ, ಮೈ ಒಂದು ಬಣ್ಣ ಆಯಿತು. ಬಣ್ಣ ಕೂಡಿಸಲು ಮೈಗೂ ಹಚ್ಚಿದರು. ಪಾಲಿಶ್ ಮುಗಿದಾಗ ಸೋಫಾ ಅರ್ಧ ಸ್ನಾನ ಮಾಡಿಸಿದ ಎಮ್ಮೆಯ ಹಾಗೆ ಕಾಣುತ್ತಿತ್ತು, ಮುಟ್ಟಿದರೆ ಕೈಗೆ ಅಂಟುತ್ತಿತ್ತು.

ಅಷ್ಟರಲ್ಲಿ ಫ್ಲೇವಿಯಾ ಬಂದಳು. ಐಶುವಿನ ಜೊತೆಯ ನರ್ಸು, ಉಡುಪಿಯ ಕಡೆಯವಳು, ಇಡ್ಲಿ ಪಾತ್ರೆ ವಾಪಸು ಕೊಡಲು ಬಂದಿದ್ದಳು. ವಿಷಯ ಕೇಳಿ ಪಾತ್ರೆ ಕೆಳಗಿಟ್ಟಳು. "ಇಷ್ಟಕ್ಕೆಲ್ಲ ಹೆದರ್ತಾರಾ ಪುಟ್ಟಣ್ಣ? ನನ್ನ ಕಸಿನ್ ನ್ಯೂಜೆರ್ಸಿಲಿ ಇದಾಳಲ್ಲ, ಅವಳ ಬೆಕ್ಕಿಗೆ ಉಗುರೇ ತೆಗೆಸಿಬಿಟ್ಟಿದಾಳೆ. ಒಂದು ದಿನದ ಕೆಲಸ ಅಂತೆ. ಮಾಲೀಕ ಬಂದಾಗ ತೋರಿಸು, ಉಗುರೇ ಇಲ್ಲ ಸರ್, ಇನ್ಮೇಲೆ ಸೋಫಾ ಸೇಫ್ ಅಂತ."

"ನೋವಾಗಲ್ವಾ?"

"ನಾವು ಉಗುರು ಕತ್ತರಿಸ್ಕೊಳ್ಳಲ್ವಾ? ಹಂಗೇ."

ನರ್ಸು ಹೇಳಿದ ಮೇಲೆ ಸುಳ್ಳಾಗುತ್ತದೆಯೇ? ಬೆಕ್ಕನ್ನು ಪೆಟ್ಟಿಗೆಗೆ ಹಾಕಲು ಮೂವರೂ ಯುದ್ಧಕ್ಕೆ ಸಿದ್ಧರಾದರು. ಈಶ್ವರಪ್ಪನವರು ಓವನ್ನಿನ ಕೈಗವಸು ಹಾಕಿ ಬಟ್ಟೆಯ ಬುಟ್ಟಿ ಹಿಡಿದರು. ಫ್ಲೇವಿಯಾ ಶಿಲುಬೆ ಗುರುತು ಹಾಕಿಕೊಂಡು ಕಂಬಳಿ ಹಿಡಿದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಪುಟ್ಟಣ್ಣ ರಟ್ಟಿನ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಏನು ಮಾಡಬೇಕೆಂದು ತೋಚದೆ, ಅದರ ಅಂಚನ್ನು ಬೆರಳಿಂದ ತಟ್ಟಿದ. ಚನ್ನಮ್ಮ ಸೋಫಾದಿಂದ ಇಳಿದು, ನಿಧಾನವಾಗಿ ನಡೆದು ಬಂದು, ಪೆಟ್ಟಿಗೆಯೊಳಗೆ ಕೂತಳು. ಒಳಗೆ ಮೀನಿಲ್ಲ ಎಂದು ನೋಡಿ ಅವನ ಮುಖ ನೋಡಿದಳು. ಪುಟ್ಟಣ್ಣ ಮುಚ್ಚಳ ಹಾಕಿದ. ಆ ನೋಟ ಮರೆಯಲು ಅವನು ಆಮೇಲೆ ತುಂಬ ಪ್ರಯತ್ನಪಟ್ಟ, ಆಗಲಿಲ್ಲ.

ಸೋಫಾ ಒಣಗಿಸಲು ಈಶ್ವರಪ್ಪನವರನ್ನು ಮನೆಯಲ್ಲೇ ಬಿಟ್ಟು ಪುಟ್ಟಣ್ಣ ಪೆಟ್ಟಿಗೆ ಹೊತ್ತು ಹೊರಟ. ಪ್ರಾಣಿಗಳ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಯಾವುದೋ ದನದ ಕೊಟ್ಟಿಗೆಯಿಂದ ನೇರವಾಗಿ ಬಂದಿದ್ದಳು, ಬೂಟಿನಲ್ಲಿ ಇನ್ನೂ ಕೆಸರಿತ್ತು. ಪುಟ್ಟಣ್ಣ ಬಂದ ಕೆಲಸ ಹೇಳಿದ. ಅವಳು ಚನ್ನಮ್ಮನ ಮುಂಗಾಲು ಹಿಡಿದು ಮೆಲ್ಲಗೆ ಒತ್ತಿ, ಉಗುರು ಹೊರಗೆ ಬರುವುದನ್ನು ತೋರಿಸಿದಳು.

"ನಿಮ್ಮ ಕೈ ಕೊಡಿ" ಎಂದಳು. ಅವನ ತೋರುಬೆರಳಿನ ತುದಿಯ ಗೆಣ್ಣಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಳು. "ಇಲ್ಲಿಗೆ ಕತ್ತರಿಸ್ತಾರೆ. ಉಗುರು ಮಾತ್ರ ತೆಗೆಯೋಕೆ ಬರಲ್ಲ, ಅದು ಮೂಳೆಯಿಂದ ಬೆಳೆಯೋದು. ಹಾಗಾಗಿ ಮೂಳೆ ಸಮೇತ, ಒಂದೊಂದೇ ಬೆರಳು. ಆಮೇಲೆ ಆ ಮೊಂಡು ಬೆರಳಿನ ಮೇಲೇ ಜೀವಮಾನ ನಡೀಬೇಕು. ನೋವಿಗೆ ಕೆಲವು ಕಚ್ಚೋಕೆ ಶುರು ಮಾಡ್ತವೆ. ಜನ ಆಗ ನೋಡಿ, ಬೆಕ್ಕಿನ ಬುದ್ಧಿ ಅಂತಾರೆ. ಈ ದೇಶದಲ್ಲಿ ಸೋಫಾ ಉಳಿಸೋಕೆ ಅಂತ ಅದನ್ನ ಮಾಡೋ ಹಾಗಿಲ್ಲ. ಇದ್ದಿದ್ರೂ ನಾನು ಮಾಡ್ತಿರಲಿಲ್ಲ."

ಪುಟ್ಟಣ್ಣ ಕೈಯನ್ನು ಜೇಬಿಗೆ ಹಾಕಿ ಬೆರಳು ಮಡಚಿಕೊಂಡ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಇಷ್ಟು ದಿನ ತನ್ನ ತಟ್ಟೆಯ ಪಕ್ಕ ಕೂತು ಉಂಡ ಜೀವವನ್ನು ಬೆರಳು ಕತ್ತರಿಸಲು ಕರೆತಂದಿದ್ದ.

"ಅವಳು ಯಾಕೆ ಕೆರೀತಾಳೆ ಹಾಗಾದ್ರೆ?"

"ಮೈ ಮುರಿಯೋಕೆ. ಮತ್ತೆ, ಇದು ನನ್ನ ಮನೆ ಅಂತ ಹೇಳೋಕೆ. ಒಂದು ಹಲಗೆಗೆ ಹಗ್ಗ ಸುತ್ತಿ ಸೋಫಾದ ಪಕ್ಕ ಇಡಿ, ಅದನ್ನೇ ಕೆರೀತಾಳೆ. ನಿಮ್ಮ ಬೆಕ್ಕು ತಾನೇ?"

"ಹೌದು" ಎಂದ ಪುಟ್ಟಣ್ಣ. ಹಾಗೆ ಹೇಳಿದ್ದು ಅದೇ ಮೊದಲು.

ಹಗ್ಗ ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಾ ಅವನು ಹೊರಗಿನ ಬೆಂಚಿಗೆ ಬಂದ. ಅಲ್ಲಿಗೇ ಮನೆಗೆ ಹೋಗಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ಈಶ್ವರಪ್ಪನವರ ಫೋನು ಬಂತು.

"ಪುಟ್ಟಣ್ಣ, ಪಾಲಿಶ್ ಒಣಗ್ತಿಲ್ಲ ಕಣಯ್ಯ. ಹೇರ್ ಡ್ರೈಯರ್ ಹಿಡಿದೆ, ಕರಗಿ ಕಾರ್ಪೆಟ್ಟಿಗೆ ಇಳೀತು. ಆಪರೇಷನ್ ಆಯ್ತಾ?"

"ಇಲ್ಲ ಸರ್, ಅದು ಮಾಡಲ್ಲ. ಬೆರಳೇ ಕತ್ತರಿಸ್ತಾರಂತೆ. ವಾಪಸ್ ಕರ್ಕೊಂಡು ಬರ್ತಿದೀನಿ."

"ಕರ್ಕೊಂಡು ಬಾ! ಸೋಫಾನೂ ಹೋಯ್ತು, ಕಾರ್ಪೆಟ್ಟೂ ಹೋಯ್ತು, ಅದರ ಮೇಲೆ ಬೆಕ್ಕನ್ನ ಕೂರಿಸಿ ತೋರಿಸು! ಚಳಿಗಾಲ ಬರ್ತಿದೆ, ಐಶುನ ಕರ್ಕೊಂಡು ಎಲ್ಲಿಗೆ ಹೋಗ್ತೀಯ? ಬೆಕ್ಕು ಬೇಕಾ, ಮನೆ ಬೇಕಾ, ಯೋಚ್ನೆ ಮಾಡು."

ಸ್ಪೀಕರಿನ ದನಿ ಬೆಂಚಿಗೆಲ್ಲ ಕೇಳಿಸಿತು. ಕನ್ನಡ ಬಾರದಿದ್ದರೂ ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಅವನ ಮುಖ ಅರ್ಥವಾಯಿತು. ಅವಳ ಹೆಸರು ಬ್ರೀಡಾ. ತೊಡೆಯ ಮೇಲೆ ಬೆಕ್ಕು ಒಯ್ಯುವ ಬುಟ್ಟಿಯಿತ್ತು, ಅದರೊಳಗೆ ಏನೂ ಇರಲಿಲ್ಲ. ಅವಳ ಹಳೆಯ ಬೆಕ್ಕಿಗೆ ಆ ದಿನವೇ ಕೊನೆಯ ಇಂಜೆಕ್ಷನ್ ಆಗಿತ್ತು, ಖಾಲಿ ಬುಟ್ಟಿ ಹಿಡಿದು ಮನೆಗೆ ಹೋಗಲು ಮನಸ್ಸಾಗದೆ ಕೂತಿದ್ದಳು. ಪುಟ್ಟಣ್ಣ ಮನೆ ಮಾಲೀಕ, ಸೋಫಾ, ಸಂಜೆ ಎಂದು ತಡವರಿಸಿ ಹೇಳಿದ.

"ನನ್ನ ಹತ್ರ ಒಂದು ಹಳೇ ಕುರ್ಚಿ ಇದೆ" ಎಂದಳು ಬ್ರೀಡಾ. "ಅವಳು ಎಷ್ಟು ಬೇಕಾದ್ರೂ ಹರೀಬಹುದು."

ಪುಟ್ಟಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು, ಬುಟ್ಟಿಯ ಅಂಚನ್ನು ಬೆರಳಿಂದ ತಟ್ಟಿದ. ಚನ್ನಮ್ಮ ಎದ್ದು ಆ ಬುಟ್ಟಿಯೊಳಗೂ ಹೋಗಿ ಕೂತಳು.

ಮನೆಗೆ ಬಂದವನು ಕಾರ್ಪೆಟ್ ಉಜ್ಜಿದ, ಮೀನಿನ ತಟ್ಟೆಯನ್ನು ಬಚ್ಚಿಟ್ಟ, ಕೂದಲೆಲ್ಲ ಗುಡಿಸಿದ. ಸಂಜೆ ಮಾರ್ಟಿನ್ ಬಂದ. ಐವತ್ತು ದಾಟಿದ ಗಂಡಸು, ಮೆತ್ತಗಿನ ಮಾತು. ಒಳಗೆ ಬಂದವನೇ ಕಿಟಕಿ ಕಟ್ಟೆ ನೋಡಿದ, ಮೇಜಿನ ಕೆಳಗೆ ಬಗ್ಗಿದ, ಮೆಟ್ಟಿಲ ಸಂದಿಯಲ್ಲಿ ಇಣುಕಿದ. ಆಮೇಲೆ ಯಾರೂ ತಡೆಯುವ ಮೊದಲೇ ಸೋಫಾದ ಮೇಲೆ ಕೂತ. ಅವನು ಹಾಕಿದ್ದು ತಿಳಿ ಬಣ್ಣದ ಪ್ಯಾಂಟು. ಪುಟ್ಟಣ್ಣ ಕಣ್ಣು ಮುಚ್ಚಿಕೊಂಡ.

"ಬೆಕ್ಕೆಲ್ಲಿ?" ಎಂದ ಮಾರ್ಟಿನ್.

"ನೋ ಕ್ಯಾಟ್ ಸರ್!" ಈಶ್ವರಪ್ಪನವರು ಮುಂದೆ ಬಂದರು. "ನಾವೇ ಸಾಗಿಸಿಬಿಟ್ವಿ. ಫುಲ್ ಕ್ಲೀನ್."

ಮಾರ್ಟಿನ್ ಪುಟ್ಟಣ್ಣನ ಕಡೆ ತಿರುಗಿ, "ಪರಚಲಿಲ್ವಾ?" ಎಂದು ಕೇಳಿದ.

"ಇಲ್ಲ. ತಾನಾಗೇ ಪೆಟ್ಟಿಗೆಯೊಳಗೆ ಹೋಗಿ ಕೂತಳು. ಒಳ್ಳೇ ಮನೆಗೇ ಕೊಟ್ಟಿದೀನಿ. ಸೋಫಾ ನಾನು ಸರಿ ಮಾಡಿಸ್ತೀನಿ ಸರ್."

"ಸೋಫಾ ಬಿಡಿ, ನಮ್ಮಮ್ಮನ ಕಾಲದಲ್ಲೇ ಹರಿದಿತ್ತು." ಮಾರ್ಟಿನ್ ಅಂಗಿಯ ತೋಳು ಮೇಲಕ್ಕೆ ಸರಿಸಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಉದ್ದುದ್ದ ಹಳೆಯ ಗಾಯದ ಗೆರೆಗಳು. "ಅದು ಅಮ್ಮನ ಬೆಕ್ಕು. ಸಾಯೋ ಮುಂಚೆ ನನ್ನ ಹತ್ರ ಮಾತು ತಗೊಂಡ್ಲು. ಬೆಕ್ಕು ತಾನಾಗಿ ಹೋಗೋವರೆಗೂ ಈ ಮನೆ ಮಾರಬೇಡ ಅಂತ. ಎಷ್ಟೋ ಸಲ ಒಯ್ಯೋಕೆ ನೋಡಿದೆ, ಪ್ರತಿ ಸಲ ಹೀಗೆ ಪರಚಿ ಕಳಿಸಿದ್ಲು. ನಮ್ಮ ಪಾದ್ರಿಯನ್ನ ಕರೆತಂದೆ, ಅವರನ್ನೂ ಬಿಡಲಿಲ್ಲ. ಖಾಲಿ ಮನೆಯಲ್ಲಿ ಅವಳಿಗೆ ಊಟ ಹಾಕೋರು ಯಾರು? ಅದಕ್ಕೇ ಬಾಡಿಗೆಗೆ ಕೊಟ್ಟೆ. ಇವತ್ತು ಬಂದಿದ್ದೂ ಅದನ್ನೇ ನೋಡೋಕೆ, ಇದಾಳಾ ಅಂತ."

 ಇಷ್ಟು ದಿನ ಬೆಕ್ಕನ್ನು ತಾನು ಸಾಕುತ್ತಿದ್ದೇನೆ ಎಂದು ಪುಟ್ಟಣ್ಣ ಅಂದುಕೊಂಡಿದ್ದ. ಆ ಬೆಕ್ಕೇ ಇವರನ್ನು ಈ ಮನೆಯಲ್ಲಿ ಇಟ್ಟುಕೊಂಡಿತ್ತು. ತೆಗೆಸಲು ಹೋಗಿದ್ದ ಆ ಉಗುರುಗಳೇ ಇವರ ತಲೆಯ ಮೇಲಿನ ಸೂರನ್ನು ಕಾದಿದ್ದವು.

"ಈಗ ತಾನಾಗೇ ಹೋದ್ಲು" ಎಂದ ಮಾರ್ಟಿನ್. ಅವನ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಹಗುರಾಗಿತ್ತು. "ಅಮ್ಮನ ಮಾತು ಉಳೀತು. ಕೊಳ್ಳೋರು ಕಾಯ್ತಾನೇ ಇದಾರೆ. ನಿಮಗೆ ಕಾಯ್ದೆ ಪ್ರಕಾರ ನೋಟಿಸ್ ಕೊಡ್ತೀನಿ, ಅವಸರ ಏನಿಲ್ಲ. ನನ್ನ ದೊಡ್ಡ ಭಾರ ಇಳಿಸಿದ್ರಿ, ಥ್ಯಾಂಕ್ಯೂ."

ಅವನು ಪುಟ್ಟಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಪ್ಯಾಂಟಿನ ಹಿಂಭಾಗದಲ್ಲಿ ಅಂಗೈಯಗಲ ಕಂದು ಪಾಲಿಶ್ ಹೊತ್ತು ಕಾರಿನ ಕಡೆ ನಡೆದ. ಈಶ್ವರಪ್ಪನವರಿಗೆ ಒಲೆಯ ಮೇಲೆ ಸಾರು ಇಟ್ಟುಬಂದದ್ದು ಆಗಲೇ ನೆನಪಾಯಿತು.

ಬುಟ್ಟಿ ಒಯ್ಯುವಾಗ ಬ್ರೀಡಾ ಕೊಟ್ಟಿದ್ದ ನಂಬರಿಗೆ ಪುಟ್ಟಣ್ಣ ಫೋನು ಮಾಡಿದ. ಬೆಕ್ಕನ್ನು ವಾಪಸು ಕೊಡಿ ಎಂದು ಕೇಳುವುದಕ್ಕೇ ಮಾಡಿದ್ದು. ಅವನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. "ಕುರ್ಚಿಯ ಒಂದು ಕೈ ಆಗಲೇ ಹರಿದಾಯ್ತು! ಈಗ ನನ್ನ ತೊಡೆ ಮೇಲೆ ಮಲಗಿದಾಳೆ. ಬೆಳಿಗ್ಗೆ ಈ ಮನೆಗೆ ಹೇಗೆ ವಾಪಸ್ ಬರೋದು ಅಂತ ಅಳ್ತಿದ್ದೆ ಮಗಾ. ದೇವರು ನಿನ್ನ ಚೆನ್ನಾಗಿಟ್ಟಿರಲಿ." ಪುಟ್ಟಣ್ಣ, "ಅವಳಿಗೆ ಮೀನು ಅಂದ್ರೆ ಇಷ್ಟ" ಎಂದಷ್ಟೇ ಹೇಳಿ ಇಟ್ಟ.

ಐಶು ಡ್ಯೂಟಿ ಮುಗಿಸಿ ಬಂದಾಗ ಅವನು ನೆಲದ ಮೇಲೆ ಕೂತಿದ್ದ. ಎಲ್ಲವನ್ನೂ ಹೇಳಿದ. ಅವಳು ಬೈಯುತ್ತಾಳೆ, ಇನ್ನು ಮನೆ ಎಲ್ಲಿ ಹುಡುಕೋಣ ಎಂದು ಅಳುತ್ತಾಳೆ ಎಂದುಕೊಂಡಿದ್ದ. ಅವಳು ಕೋಟು ಕೂಡ ಬಿಚ್ಚದೆ ನಿಂತೇ ಇದ್ದಳು.

"ರೀ, ಸ್ವಲ್ಪನೂ ಪರಚಲಿಲ್ವಾ?"

"ಇಲ್ಲ."

"ಬುಟ್ಟಿಗೆ ಹಾಕುವಾಗಲೂ?"

"ಇಲ್ಲ ಐಶು. ನಾನು ತಟ್ಟಿದೆ, ಅವಳು ಬಂದಳು."

ಐಶು ಅವನ ಪಕ್ಕದಲ್ಲಿ ಕುಸಿದು ಕೂತಳು. ಪುಟ್ಟಣ್ಣ ತನ್ನ ಎರಡೂ ಕೈಗಳನ್ನು ದೀಪದ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಎಲ್ಲಾದರೂ ಒಂದು ಸಣ್ಣ ಗೀರಾದರೂ ಇದ್ದೀತೇ ಎಂದು ಹುಡುಕುತ್ತಿದ್ದ.