ಮೇ ತಿಂಗಳ ಸ್ವೆಟರ್

ಹುಲಗೇಶನ ಹತ್ತಿರ ಸ್ವೆಟರ್ ಇರಲಿಲ್ಲ. ಗಂಗಾವತಿಯಲ್ಲಿ ಹುಟ್ಟಿ, ರಾಯಚೂರಿನ ಹಾಸ್ಟೆಲಿನಲ್ಲಿ ಓದಿ, ಹೈದರಾಬಾದಿಗೆ ಕೆಲಸಕ್ಕೆ ಬಂದವನಿಗೆ ಅದು ಬೇಕಾಗಿಯೂ ಇರಲಿಲ್ಲ. ಇಪ್ಪತ್ತಾರು ವರ್ಷ ಸ್ವೆಟರಿಲ್ಲದೆ ಸುಸೂತ್ರವಾಗಿ ನಡೆದಿತ್ತು. 2008ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಮಲ್ಕಾಜ್‌ಗಿರಿಯ ಓಣಿ ಆಗಲೇ ರೊಟ್ಟಿ ಹಂಚಿನಂತೆ ಕಾದಿದ್ದಾಗ, ಅವನಿಗೆ ಸ್ವೆಟರ್ ಬೇಕಾಯಿತು.

ಕಾರಣ ಒಂದು ಟಿಕೆಟ್ಟು. ವಿದೇಶದ ತಂಡವೊಂದು ಮಾದಾಪುರದ ದೊಡ್ಡ ಪ್ರದರ್ಶನ ಭವನದಲ್ಲಿ ಮಂಜುಗಡ್ಡೆಯ ನೆಲ ಮಾಡಿ, ಅದರ ಮೇಲೆ ಸ್ಕೇಟಿಂಗ್ ನೃತ್ಯ ತೋರಿಸುತ್ತಿತ್ತು. ಮೂರೇ ದಿನ. ಭಾನುವಾರ ನಾಲ್ಕು ಗಂಟೆಯದೇ ಕೊನೆಯ ಆಟ. ಹುಲಗೇಶ ತಿಂಗಳ ಹಿಂದೆಯೇ ಮೊದಲ ಸಾಲಿನ ಟಿಕೆಟ್ಟು ಕೊಂಡು ಟ್ರಂಕಿನಲ್ಲಿ ಅಂಕಪಟ್ಟಿಗಳ ನಡುವೆ ಇಟ್ಟಿದ್ದ. ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದ, ಆದರೆ ಮುಂಭಾಗವನ್ನು ಮಾತ್ರ. ಆ ಬೆಳಿಗ್ಗೆ ಅದು ಕೈಜಾರಿ ಬೋರಲು ಬಿತ್ತು. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು: ಒಳಗೆ ಎಂಟು ಡಿಗ್ರಿ ಚಳಿ ಇರುತ್ತದೆ, ಬೆಚ್ಚನೆಯ ಉಡುಪು ಇಲ್ಲದವರನ್ನು ಬಿಡಲಾಗುವುದಿಲ್ಲ.

ಈ ಹುಚ್ಚು ಅವನಿಗೆ ಹಿಡಿದದ್ದು ಹಾಸ್ಟೆಲಿನಲ್ಲಿ. ಟೀವಿಯ ರಿಮೋಟು ಕಳೆದುಹೋಗಿ, ಒಂದು ಚಳಿಗಾಲವಿಡೀ ಅದು ಒಂದೇ ಕ್ರೀಡಾ ಚಾನೆಲಿನಲ್ಲಿ ಸಿಕ್ಕಿಕೊಂಡಿತ್ತು. ಉಳಿದವರು ಬೈದು ಎದ್ದುಹೋದರು, ಹುಲಗೇಶ ಕೂತ. ಮಿಲೆನಾ ಎಂಬ ಚೆಕ್ ಹುಡುಗಿ ಒಂದೇ ಆಟದಲ್ಲಿ ಮೂರು ಸಲ ಬಿದ್ದು, ಮೂರು ಸಲ ಎದ್ದು, ಕೊನೆಗೆ ಗೆದ್ದವಳಂತೆ ನಕ್ಕು ಹನ್ನೊಂದನೆಯ ಸ್ಥಾನ ಪಡೆದಳು. ಆ ವರ್ಷ ಮೂರು ವಿಷಯಗಳಲ್ಲಿ ನಪಾಸಾಗಿದ್ದ ಹುಲಗೇಶನಿಗೆ ಅವಳು ಬಹಳ ಹಿಡಿಸಿದಳು. ಗಾಳಿಯಲ್ಲಿ ಎಷ್ಟು ಸುತ್ತು ತಿರುಗಿದರೆ ಯಾವ ಹೆಸರು ಎಂಬುದೆಲ್ಲ ಅವನಿಗೆ ಬಾಯಿಪಾಠವಾಯಿತು. ಈಗ ಅವಳು ಸ್ಪರ್ಧೆ ಬಿಟ್ಟು ಈ ತಂಡದ ಜೊತೆ ಊರೂರು ತಿರುಗುತ್ತಿದ್ದಳು. ಇದೇ ಅವಳ ಕೊನೆಯ ಪ್ರವಾಸ ಎಂದು ಪೇಪರಿನಲ್ಲಿ ಬಂದಿತ್ತು. ಅಂದರೆ ಇಂದು ನೋಡದಿದ್ದರೆ ಇನ್ನಿಲ್ಲ.

ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಸ್ವೆಟರ್ ಎಲ್ಲಿ ಸಿಗುತ್ತದೆ? ಫುಟ್‌ಪಾತಿನಲ್ಲಿ ಸ್ವೆಟರ್ ಮಾರುವವರು ಬರುವುದೇ ದೀಪಾವಳಿಯ ಹೊತ್ತಿಗೆ. ಹುಲಗೇಶ ಮೆಟ್ಟಿಲಿಳಿದು ಮನೆ ಮಾಲಕಿ ಹಂಪಮ್ಮನ ಬಾಗಿಲಿಗೆ ಬಂದ. ಅವಳ ಗಂಡ ಶಿವಾನಂದ ಗೂಡ್ಸ್ ರೈಲಿನ ಗಾರ್ಡು. ರಾತ್ರಿ ಡ್ಯೂಟಿಗೆಂದು ಅವನ ಹತ್ತಿರ ಒಂದು ಮೆರೂನ್ ಬಣ್ಣದ ಉಣ್ಣೆಯ ಸ್ವೆಟರ್ ಇತ್ತು. ಆ ದಿನ ಅವನು ಕಾಜಿಪೇಟೆಯಲ್ಲಿದ್ದ. ಹಂಪಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಅಕ್ಕಾ, ಅಣ್ಣಾರ ಸ್ವೆಟರ್ ಒಂದಿನದ ಮಟ್ಟಿಗೆ ಕೊಡ್ತೀರೇನ್ರಿ? ನಾ ಹೋಗೂ ಜಾಗಾದಾಗ ಭಾಳ ಥಂಡಿ ಇರತೈತಂತ.”

ಮೊರ ನಿಂತಿತು. ಹಂಪಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ ನೋಡು. ಯಾವಾಗ ಬಂತು ವೀಸಾ?”

ಹುಲಗೇಶ ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ ಎಂಬುದು ನಿಜ. ಆದರೆ ಯಾವ ನೌಕರನ ಮನೆಗೆ ಯಾವ ಕ್ಯಾಬು ಹೋಗಬೇಕೆಂದು ಡ್ರೈವರುಗಳಿಗೆ ಫೋನು ಮಾಡುವುದಷ್ಟೇ ಅವನ ಕೆಲಸ. ಓಣಿಗೆ ಈ ಸೂಕ್ಷ್ಮ ಗೊತ್ತಿರಲಿಲ್ಲ. ಕೊಂಡಾಪುರ ಎಂದರೆ ಕಂಪನಿ, ಕಂಪನಿ ಎಂದರೆ ಅಮೆರಿಕ. ಅದೊಂದು ಬೇಸಿಗೆಯಲ್ಲೇ ಓಣಿಯಿಂದ ಮೂವರು ಹುಡುಗರು ಹೀಗೇ ಸ್ವೆಟರ್ ಕೇಳಿ ಪಡೆದು ಹೋಗಿದ್ದರು. ಸ್ವೆಟರ್‌ಗಳೂ ತಿರುಗಿ ಬಂದಿರಲಿಲ್ಲ.

ಹುಲಗೇಶ ಟಿಕೆಟ್ಟು ತೋರಿಸಿದ. ಅಮೆರಿಕ ಅಲ್ಲ, ಮಾದಾಪುರ, ಐಸಿನ ಮೇಲೆ ಕುಣಿಯುವುದನ್ನು ನೋಡಲು ಎಂದ. ಹಂಪಮ್ಮ ಮೆಚ್ಚುಗೆಯಿಂದ ತಲೆದೂಗಿದಳು. ಅದಕ್ಕೊಂದು ಹಿನ್ನೆಲೆಯಿತ್ತು. ಮೂರನೆಯ ಮನೆಯ ಸಮರ್ಥ್ ವೀಸಾ ಬಂದ ದಿನವೇ ಪೇಢೆ ಹಂಚಿ, ಮರುವಾರ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಕಣ್ಣು ಬಿದ್ದದ್ದೇ ಕಾರಣವೆಂದು ತೀರ್ಮಾನವಾಯಿತು. ಅಂದಿನಿಂದ ವಿಮಾನ ಏರುವ ತನಕ ಅಮೆರಿಕದ ಹೆಸರೆತ್ತಬಾರದೆಂಬುದು ಓಣಿಯ ನೇಮ. ಅವನ ನಂತರದವನು ವಾರಂಗಲ್ಲಿಗೆ ಹೋಗಿ ಬರುತ್ತೇನೆಂದು ಹೇಳಿ ಶಿಕಾಗೋದಿಂದ ಫೋನು ಮಾಡಿದ್ದ.

“ಜಾಣ ಅದೀ. ಹಿಂಗ ಹೇಳ್ಬೇಕು,” ಎಂದಳು ಹಂಪಮ್ಮ. “ವಾರಂಗಲ್ಲಿಗಿಂತ ಇದು ಚಲೋ ಐತಿ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ ತಗೊ.”

ಹತ್ತು ಗಂಟೆಯ ಹೊತ್ತಿಗೆ, ಯಾರ ಮುಂದೂ ಬಾಯಿ ಬಿಡಬಾರದೆಂಬ ವಿಷಯ ಇಡೀ ಓಣಿಗೆ ಗೊತ್ತಾಗಿತ್ತು.

ಮೊದಲು ಬಂದವಳು ಎದುರು ಮನೆಯ ಗುಣವತಿ. ಕೈಯಲ್ಲಿ ಕಾಶ್ಮೀರದ ಶಾಲು, ಕಂಕುಳಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಇಪ್ಪತ್ತೆರಡು ಖಡಕ್ ರೊಟ್ಟಿಯ ಗಂಟು. ಶಾಲು ಹುಲಗೇಶನಿಗೆ. ಚಟ್ನಿ, ರೊಟ್ಟಿ ನ್ಯೂಜೆರ್ಸಿಯಲ್ಲಿದ್ದ ಅವಳ ತಮ್ಮನಿಗೆ. ತಾನು ನ್ಯೂಜೆರ್ಸಿಗೆ ಹೋಗುತ್ತಿಲ್ಲವೆಂದು ಹುಲಗೇಶ ಹೇಳಿದ. “ಎಲ್ಲೇ ಇಳಿ, ಅಲ್ಲೇ ಬಾಜೂಕ ಐತಂತ,” ಎಂದು ಅವಳು ಗಂಟು ಇಟ್ಟಳು.

ಆಮೇಲೆ ಗೋಪಿನಾಥ ಬಂದ. ಕಲಬುರಗಿಯ ಕಡೆಯವನು, ರೈಲ್ವೆಯಲ್ಲಿ ಮೂವತ್ತು ವರ್ಷ ಟಿಕೆಟ್ ಕಲೆಕ್ಟರ್ ಆಗಿದ್ದು ನಿವೃತ್ತನಾದವನು. ಓಣಿಯ ಎಲ್ಲ ಪ್ರಯಾಣಗಳಿಗೂ ತಾನೇ ಅಧಿಕಾರಿ ಎಂದು ತಿಳಿದಿದ್ದ. ತನ್ನ ಕರಿ ಕೋಟನ್ನು ನುಸಿಗುಳಿಗೆಯ ವಾಸನೆ ಸಮೇತ ತಂದು ಹುಲಗೇಶನ ಹೆಗಲಿಗೆ ಹಾಕಿದ.

“ಇಟ್ಕೊ. ಈ ಕೋಟು ಹಾಕ್ಕೊಂಡವನ್ನ ಯಾ ಗೇಟಿನ್ಯಾಗೂ ಯಾವನೂ ಟಿಕೆಟ್ ಕೇಳೂದಿಲ್ಲ.”

“ಕಾಕಾ, ನನ್ನ ಕಡೆ ಟಿಕೆಟ್ ಐತ್ರಿ. ನಾ ಮಾದಾಪುರಕ್ಕ ಹೊಂಟೀನಿ.”

“ಗೊತ್ತೈತಿ, ಗೊತ್ತೈತಿ,” ಎಂದು ಗೋಪಿನಾಥ ಕಣ್ಣು ಹೊಡೆದ. “ಕಂಪನಿ ಬಸ್ಸು ಅಲ್ಲಿಂದನ ಬಿಡೂದು. ನಾವೂ ಬರ್ತೀವಿ.”

ಅಸಲು ಸಂಗತಿಯೆಂದರೆ ಶಂಶಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾಗಿ ಎರಡು ತಿಂಗಳಾಗಿತ್ತು. ಓಣಿಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಒಂದು ಗಂಟೆಗೆ ಬಾಗಿಲಲ್ಲಿ ಬಾಡಿಗೆ ಸುಮೋ ನಿಂತಿತು, ಹುಡುಗನನ್ನು ಕಳಿಸಿಬರಲು ಹಂಪಮ್ಮ, ಗುಣವತಿ, ಗೋಪಿನಾಥ ಸಿದ್ಧರಾಗಿದ್ದರು. ಹುಲಗೇಶ ಯೋಚಿಸಿದ. ಎರಡು ರೈಲು ಬದಲಿಸಿ ಹೋಗುವುದಕ್ಕಿಂತ ಇದು ಮೇಲು. ಮಾದಾಪುರದಲ್ಲಿ ಇಳಿದು, ಒಳಗೆ ಓಡಿಬಿಟ್ಟರೆ ಮುಗಿಯಿತು. ಸ್ವೆಟರ್ ಹೇಗೂ ಸಿಕ್ಕಿದೆ. ಆ ದಿನ ಅವನು ಮಾಡಿದ ಒಂದೇ ಜಾಣತನದ ಯೋಚನೆ ಅದು. ಅದರಿಂದಲೇ ಕೆಟ್ಟ.

ಸುಮೋ ಹತ್ತುವಾಗ ಗೋಪಿನಾಥ ಹೊಸ ಕಾನೂನು ತೆಗೆದ. ವಿಮಾನದಲ್ಲಿ ಸಾಮಾನಿನ ತೂಕ ನೋಡುತ್ತಾರೆ, ಮೈಮೇಲಿನದನ್ನು ನೋಡುವುದಿಲ್ಲ, ಆದ್ದರಿಂದ ಎಲ್ಲವನ್ನೂ ಹಾಕಿಕೊಂಡೇ ಹೊರಡಬೇಕು. ಬೇಡವೆಂದರೂ ಕೇಳದೆ ಮೂವರೂ ಸೇರಿ ಹುಲಗೇಶನಿಗೆ ಸ್ವೆಟರ್ ತೊಡಿಸಿದರು, ಅದರ ಮೇಲೆ ಕರಿ ಕೋಟು, ಅದರ ಮೇಲೆ ಶಾಲು. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ, ಏಸಿ ಇಲ್ಲದ ಸುಮೋದ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಅವನು ಕುಕ್ಕರಿನಲ್ಲಿಟ್ಟ ಬೇಳೆಯಂತೆ ಕೂತ. ಸಿಕಂದರಾಬಾದು ದಾಟುವಾಗ ಮಾತು ನಿಂತಿತು. ಬೇಗಂಪೇಟೆಯಲ್ಲಿ ಬಣ್ಣ ಬದಲಾಯಿತು. ಪಂಜಾಗುಟ್ಟ ಸಿಗ್ನಲಿನಲ್ಲಿ ಕಣ್ಣು ಮೇಲೆ ಸಿಕ್ಕಿಸಿ ಗುಣವತಿಯ ಹೆಗಲಿಗೆ ಒರಗಿದ.

“ಊರು ಬಿಡೂ ಸಂಕಟ,” ಎಂದಳು ಗುಣವತಿ. ಹಂಪಮ್ಮ ಮಾತ್ರ ಅವನ ಹಣೆ ಮುಟ್ಟಿ ನೋಡಿ, ಎಲ್ಲವನ್ನೂ ಬಿಚ್ಚಿಸಿ, ಮುಖಕ್ಕೆ ನೀರು ಹೊಡೆದು ಸೀಟಿನ ಮೇಲೆ ಮಲಗಿಸಿದಳು.

ಹುಲಗೇಶನಿಗೆ ಎಚ್ಚರವಾದಾಗ ಸುಮೋ ನಿಂತಿತ್ತು. ಗಂಟೆ ನಾಲ್ಕಕ್ಕೆ ಐದು ನಿಮಿಷ. ಪಕ್ಕದಲ್ಲಿ ರೊಟ್ಟಿ, ಚಟ್ನಿ ಇದ್ದವು. ಸ್ವೆಟರ್, ಕೋಟು, ಶಾಲು ಇರಲಿಲ್ಲ. ಯಾದಗಿರಿ ಕಡೆಯ ಡ್ರೈವರು ಬೀಡಿ ಹಚ್ಚುತ್ತಾ, ಅವರು ಮೂವರೂ ಒಳಗೆ ಹೊಂಟಾರ, ಹುಡುಗನ ಮೈಗೆ ಸರಿಯಿಲ್ಲ ಅಂತ ಇವನ ಸಾಹೇಬರಿಗೆ ಹೇಳಿಬರುತ್ತಾರಂತೆ ಎಂದು ತಿಳಿಸಿದ. ಒಳಗೆ ವಿಪರೀತ ಥಂಡಿ ಎಂದು ಕಾವಲಿನವನು ಹೇಳಿದನಂತೆ. ಅಮೆರಿಕಕ್ಕೆ ಕಳಿಸುವ ಮೊದಲು ಕಂಪನಿಯವರು ಹುಡುಗರಿಗೆ ಇಲ್ಲಿ ಥಂಡಿ ರೂಢಿ ಮಾಡಿಸುತ್ತಾರೆ ಎಂದು ಗೋಪಿನಾಥ ಎಲ್ಲರಿಗೂ ವಿವರಿಸಿದನಂತೆ.

ಹುಲಗೇಶ ಓಡಿದ. ಗೇಟಿನ ಕಂಬಿಯ ಆಚೆ ಮೂವರೂ ಕಂಡರು. ಮುಂದೆ ಕರಿ ಕೋಟಿನ ಗೋಪಿನಾಥ, ಹಿಂದೆ ಶಾಲು ಹೊದ್ದ ಗುಣವತಿ, ಕೊನೆಗೆ ಸೀರೆಯ ಮೇಲೆ ಮೆರೂನ್ ಸ್ವೆಟರ್ ತೊಟ್ಟ ಹಂಪಮ್ಮ.

“ಅಕ್ಕಾ, ಸ್ವೆಟರ್,” ಎಂದು ಕೂಗಿದ.

ಹಂಪಮ್ಮ ತಿರುಗಿ ನೋಡಿ, ಮಲಗು ಮಲಗು ಎಂಬಂತೆ ಕೈ ಮಾಡಿದಳು. “ನೀ ಎರಡು ವರ್ಷ ಥಂಡ್ಯಾಗ ಇರಾಂವ, ತಮ್ಮಾ. ನಾವು ಎರಡು ನಿಮಿಷ ನೋಡಿ ಬರ್ತೀವಿ.” ಬಾಗಿಲು ಮುಚ್ಚಿತು.

ಕಾವಲಿನವನು ಟಿಕೆಟ್ಟು ನೋಡಿದ, ಹುಲಗೇಶನ ಬೆವೆತ ಅಂಗಿ ನೋಡಿದ. “ಟಿಕೆಟ್ ಉಂದಿ, ಸರೇ. ಸ್ವೆಟರ್ ಏದಿ?” ಟಿಕೆಟ್ಟು ಸರಿ, ಸ್ವೆಟರ್ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ.

ಆ ಮೂವರ ಹತ್ತಿರ ಟಿಕೆಟ್ಟೇ ಇಲ್ಲವಲ್ಲ ಎಂದು ಹುಲಗೇಶ ವಾದಿಸಿದ. ಕಾವಲಿನವನು ದನಿ ತಗ್ಗಿಸಿ, “ವೋ ಸಾಬ್ ಚೆಕಿಂಗ್‌ವಾಲೇ ಹೈಂ,” ಎಂದ. ಕರಿ ಕೋಟು ನೋಡಿ ಗೋಪಿನಾಥನನ್ನು ತಪಾಸಣೆಯ ಸಾಹೇಬ ಎಂದುಕೊಂಡಿದ್ದ. ಹುಲಗೇಶ ಸುಮೋಗೆ ಓಡಿ, ರೊಟ್ಟಿ ಬಿಚ್ಚಿಟ್ಟು, ಗಂಟಿನ ಬಟ್ಟೆಯನ್ನು ಶಾಲಿನಂತೆ ಹೊದ್ದು ಬಂದ. ಕಾವಲಿನವನು ಮೂಸಿ ನೋಡಿದ. “ಭಾಯ್, ಇದು ಊಟದ ಬಟ್ಟೆ,” ಎಂದು ಹಿಂದಿಯಲ್ಲಿ ಹೇಳಿ ಪಕ್ಕಕ್ಕೆ ನಿಲ್ಲಿಸಿದ.

ಭವನದ ಹಿಂದೆ ಮಂಜುಗಡ್ಡೆ ಕರಗದಂತೆ ಕಾಯುವ ದೊಡ್ಡ ಯಂತ್ರಗಳು ಓಡುತ್ತಿದ್ದವು. ಒಳಗಿನ ಸೆಕೆಯನ್ನೆಲ್ಲ ಅವು ಹೊರಗೆ ಉಗುಳುತ್ತಿದ್ದವು. ಹುಲಗೇಶ ಅಲ್ಲಿ ಗೋಡೆಗೆ ಕಿವಿಗೊಟ್ಟು ಕೂತ. ಬೆನ್ನಿಗೆ ಬಿಸಿಗಾಳಿ ಹೊಡೆಯುತ್ತಿತ್ತು. ಒಂದು ತಾಸಿನ ಮೇಲೆ ಪಿಟೀಲಿನ ಒಂದು ಧಾಟಿ ಕೇಳಿಸಿತು, ಹಾಸ್ಟೆಲಿನ ಟೀವಿಯಲ್ಲಿ ಕೇಳಿದ್ದೇ. ಮಿಲೆನಾ. ಚಪ್ಪಾಳೆ ಬಿತ್ತು, ಎರಡು ಸುತ್ತು ಎಂದುಕೊಂಡ. ಇನ್ನೂ ಜೋರಾಗಿ ಬಿತ್ತು, ಮೂರು ಸುತ್ತು. ಆಮೇಲೆ ಒಮ್ಮೆಗೇ ನಿಶ್ಶಬ್ದ. ಬಿದ್ದಳು. ಹುಲಗೇಶ ಕಿವಿಯನ್ನು ಗೋಡೆಗೆ ಇನ್ನೂ ಒತ್ತಿದ. ಮತ್ತೆ ಚಪ್ಪಾಳೆ. ಎದ್ದಳು. ಒಂದೇ ಸಲ ಬಿದ್ದಳು, ಸುಧಾರಿಸಿದ್ದಾಳೆ ಎಂದು ಗೋಡೆಗೆ ಹೇಳಿದ.

ಆರು ಗಂಟೆಗೆ ಮೂವರೂ ಹೊರಬಂದರು. ಹಂಪಮ್ಮನ ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ಬಂದವಳೇ ಹುಲಗೇಶನ ಎರಡೂ ಕೈ ಹಿಡಿದುಕೊಂಡಳು.

“ಅಮೆರಿಕಾ ಬ್ಯಾಡ ತಮ್ಮಾ. ನೆಲಾನ ಸರಿ ಇಲ್ಲ ಅಲ್ಲಿ. ಬಿಳೇ ಮಂದೀನ ಜಾರಿ ಬೀಳಾಕತ್ತೈತಿ, ನೀ ಎಲ್ಲಿ ನಿಂದರ್ತಿ?”

“ನಮ್ಮ ತಮ್ಮ ಇದನ್ನೆಲ್ಲ ಫೋನಿನ್ಯಾಗ ಹೇಳೇ ಇಲ್ಲ,” ಎಂದು ಗುಣವತಿ ಮಂಕಾದಳು. ಮೊದಲ ಸಾಲಿನಲ್ಲಿ ಒಂದೇ ಒಂದು ಕುರ್ಚಿ ಖಾಲಿ ಇತ್ತಂತೆ, ಅದರಲ್ಲಿ ಹಂಪಮ್ಮನನ್ನು ಕೂರಿಸಿದ್ದರಂತೆ. ಅದರ ನಂಬರು ಹುಲಗೇಶ ಕೇಳಲಿಲ್ಲ.

ಗೋಪಿನಾಥ ಅವನ ಬೆನ್ನು ತಟ್ಟಿದ. “ಚಿಂತಿ ಬಿಡು. ನಾ ಖುದ್ದು ನಿಮ್ಮ ಸಾಹೇಬನ ಜೋಡಿ ಮಾತಾಡೀನಿ, ಕೊರಳಾಗ ಸೀಟಿ ಹಾಕ್ಕೊಂಡಾಂವ. ಹುಡುಗ ಬರೂದಿಲ್ಲ ಅಂತ ಇಂಗ್ಲೀಷಿನ್ಯಾಗ ಹೇಳಿದೆ. ಓಕೆ ಓಕೆ ಅಂದ.”

ಹುಲಗೇಶನ ಕಣ್ಣು ಹಂಪಮ್ಮ ತೊಟ್ಟ ಸ್ವೆಟರಿನ ಎದೆಯ ಮೇಲೆ ನೆಟ್ಟಿತ್ತು. ಮೆರೂನ್ ಉಣ್ಣೆಯ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಸೊಟ್ಟಗೆ ಏನೋ ಬರೆದಿತ್ತು. ಇಂಗ್ಲಿಷಿನ ಆರು ಅಕ್ಷರ.

“ಅದೊಂದು ಹುಚ್ಚು ಹುಡುಗಿ,” ಎಂದು ಹಂಪಮ್ಮ ಸಿಡುಕಿದಳು. “ನನ್ನ ಮುಂದನ ಬಿತ್ತು. ಅಯ್ಯೋ ಕೂಸ ಅಂತ ನಾ ಎದ್ದು ನಿಂತೆ. ಆಟ ಮುಗಿದ ಮ್ಯಾಲ ಬಂದು ತೆಕ್ಕಿ ಬಡದು, ಸ್ವೆಟರಿಗಿ ಗೀಚಿ ಹೋತು. ನಮ್ಮನಿಯವ್ರು ಬಂದು ಕೇಳಿದ್ರ ಏನ್ ಹೇಳ್ಲಿ?”

ಹುಲಗೇಶ ಸ್ವೆಟರಿನ ತೋಳು ಹಿಡಿದ. “ಅಕ್ಕಾ, ಈ ಸ್ವೆಟರ್ ನನಗ ಕೊಟ್ಟುಬಿಡ್ರಿ. ಅಣ್ಣಾರಿಗೆ ಇಂಥಾದ್ದ ಹೊಸಾದು ತಂದು ಕೊಡ್ತೀನಿ.”

ಹಂಪಮ್ಮನ ಕಣ್ಣು ತುಂಬಿತು. ಹೋಗುವುದು ತಪ್ಪಿಹೋದವನ ಆಸೆ ಎಂದುಕೊಂಡಿರಬೇಕು. “ತಗೊಳ್ಳೆಪಾ. ಮುಂಜಾನೆ ಕೊಡ್ತೀನಿ,” ಎಂದಳು. ಹುಲಗೇಶ ಸುಮೋ ಹತ್ತಿದ. ಮೊದಲ ಸಾಲಿನ ಕುರ್ಚಿ ಹೋದರೇನು, ಅದಕ್ಕಿಂತ ದೊಡ್ಡದು ಸಿಕ್ಕಿತಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡ. ನ್ಯೂಜೆರ್ಸಿಯ ರೊಟ್ಟಿಗಳನ್ನು ನಾಲ್ವರೂ ಡ್ರೈವರೂ ಸೇರಿ ಸಿಕಂದರಾಬಾದಿನೊಳಗೆ ಮುಗಿಸಿದರು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಹಂಪಮ್ಮ ಮೇಲೆ ಬಂದಳು. ಕೈಯಲ್ಲಿ ಪೇಪರು ಸುತ್ತಿದ ಸಣ್ಣ ಪೊಟ್ಟಣ. ಒಬ್ಬರಿಗೆ ಕೊಡುವ ವಸ್ತುವನ್ನು ಮಾಸಿದ್ದು ಕೊಡಬಾರದು ಎಂದಳು. ಅದಕ್ಕೇ ಮೊದಲು ಸೀಮೆಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಕುದಿಯುವ ನೀರಲ್ಲಿ ನೆನೆಹಾಕಿ, ಕಲ್ಲಿಗೆ ಬಡಿದು ಒಗೆದಿದ್ದಳು.

“ನೋಡು, ಒಂದು ಚೂರು ಕಲಿ ಉಳಿದಿಲ್ಲ.”

ಉಳಿದಿರಲಿಲ್ಲ.

ಈಗ ಹುಲಗೇಶನ ಹತ್ತಿರ ಒಂದು ಸ್ವೆಟರ್ ಇತ್ತು, ಕುಗ್ಗಿ ಐದು ವರ್ಷದ ಮಗುವಿನ ಅಳತೆಗೆ ಬಂದದ್ದು. ಶಿವಾನಂದನಿಗೆ ಕೊಡಬೇಕಾದ ಹೊಸದು ದೀಪಾವಳಿಯ ತನಕ ಎಲ್ಲೂ ಸಿಗುವಂತಿರಲಿಲ್ಲ. ಹೋದದ್ದು ಇಷ್ಟು: ಮೊದಲ ಸಾಲಿನ ಒಂದು ಕುರ್ಚಿ, ಮಿಲೆನಾಳ ಒಂದು ಕೊನೆಯ ಆಟ, ಆರು ಅಕ್ಷರದ ಒಂದು ಸಹಿ. ಓಣಿಯವರ ಲೆಕ್ಕದಲ್ಲಿ ಇನ್ನೊಂದು ಹೆಚ್ಚು: ಒಂದು ಅಮೆರಿಕ.