ಗವಿ ಕಾಯ್ದ ಐತವಾರಗಳು

ಐತವಾರ ಅಂದ್ರ ಮಂದಿಗೆಲ್ಲಾ ಸೂಟಿ. ನನಗ ಮಾತ್ರ ಶನಿವಾರ ಸಂಜೀಕನ ನಾಳಿನ ಚಿಂತಿ ಹತ್ತತಿತ್ತು. ಒಂದು ಐತವಾರ ಸುಮ್ನ ಹೋತಪಾ ಅಂತ ಉಸುರು ಬಿಟ್ರ, ಮುಂದಿನ ಐತವಾರ ಅದರ ಎರಡರಷ್ಟು ಏನಾರ ಆಗೇ ಆಗತಿತ್ತು.

ನಾ ಪಂಚಾಯ್ತಿ ಸಿಪಾಯಿ ಆಗಿದ್ದೆ. ನಮ್ಮೂರು ಹೂಲಿಗೂ ಸಿರಸಂಗಿಗೂ ನಡುವ, ಗುಡ್ಡದ ಬುಡಕ್ಕ ಇರೋ ಸಣ್ಣ ಊರು. ಆ ಗುಡ್ಡದಾಗ ಒಂದು ಹಳೇ ಕಲ್ಲಿನ ಗಣಿ ಐತಿ. ಯಾವ ಕಾಲದಾಗೋ ಯಾರೋ ಗುಡ್ಡದ ಹೊಟ್ಟಿ ಕೊರದು ಕಲ್ಲು ತಗದು, ಹಂಗ ಬಿಟ್ಟು ಹೋಗ್ಯಾರ. ನಾವು ಅದಕ್ಕ ಗವಿ ಅಂತೇವಿ. ಬಾಗಲದಾಗ ಒಂದು ಸಿದ್ಧಪ್ಪ ದೇವರ ಕಲ್ಲು. ಒಳಗ ಇಪ್ಪತ್ತು ಮಾರು ನಡದ್ರ ಕತ್ತಲ್ಯಾಗ ಒಂದು ದೊಡ್ಡ ಹೊಂಡ. ಹಿಂದ ಒಮ್ಮೆ ಅದರಾಗ ಒಂದು ಆಡು ಬಿದ್ದಿತ್ತು. ಹಗ್ಗ ಸಾಲಲಿಲ್ಲ, ಮ್ಯಾಲ ತಗಿಯಾಕ ಆಗಲಿಲ್ಲ. ಎರಡು ದಿನ ಒದರಿ ಒದರಿ ಸುಮ್ಮನಾತು. ಆ ದನಿ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಆಡಿನ ಬದ್ಲಿ ಯಾರದಾರ ಮಗ ಬಿದ್ರ? ಇದೊಂದ ನನ್ನ ಚಿಂತಿ. ಸೆಕ್ರೆಟರಿ ಸಾಹೇಬ್ರು ಅದಕ್ಕ ಇನ್ನಷ್ಟು ಎಣ್ಣಿ ಹೊಯ್ದಿದ್ರು. "ನಿನ್ನ ಕಾಯಂ ಮಾಡೋ ಕಾಗದ ಮ್ಯಾಲ ಹೋಗೈತಿ. ಅದು ಬರೂತನಾ ಆ ಗವಿಯಾಗ ಒಂದು ಹುಳಾನೂ ಬೀಳಬಾರದು. ಬಿತ್ತಂದ್ರ ಮೊದಲ ನೀ, ಆಮ್ಯಾಲ ನಾ" ಅಂದಿದ್ರು.

ತಳ ಇಲ್ಲದ ಹೊಂಡ

ಮೊದಲ ಆ ಕಡೆ ಕುರಿ ಕಾಯೋರ ಬಿಟ್ರ ಯಾರೂ ಹಾಯತಿದ್ದಿಲ್ಲ. ಒಂದು ಐತವಾರ ಬೈಲಹೊಂಗಲದ ಕಾಲೇಜು ಹುಡುಗರು ನಾಲ್ಕು ಮಂದಿ ಬಂದ್ರು. ಕ್ಯಾಮೆರಾ ಇದ್ದ ಮೊಬೈಲು ಆಗ ಹೊಸದಾಗಿ ಬಂದಿದ್ವು. ಫೋಟೋ ಹೊಡಕೊಂಡು ಹೋದ್ರು. ಮುಂದಿನ ಐತವಾರ ಹನ್ನೊಂದು ಗಾಡಿ! ಅದರ ಮುಂದಿನ ಐತವಾರ ಎಣಸೋದ ಬಿಟ್ಟೆ.

"ದಾರಿ ಯಾರು ಹೇಳಿದ್ರಪಾ ನಿಮಗ?" ಅಂದೆ.

"ಇಂಟರ್ನೆಟ್‌ನಾಗ ಫೋಟೋ ಸಂಗಟ ಐತ್ರಿ ಕಾಕಾ. ಯಾವ ಹುಣಸೀಗಿಡದ ಹಂತ್ಯಾಕ ಹೊಳ್ಳಬೇಕು ಅನ್ನೂದೂ ಬರದಾರ" ಅಂದ್ರು.

ನಾ ಸೀದಾ ಸವದತ್ತಿಗೆ ಹೋದೆ. ಅಲ್ಲಿ ತಾಸಿನ ಲೆಕ್ಕದಾಗ ಕಂಪ್ಯೂಟರ್ ಬಾಡಿಗಿ ಕೊಡೋ ಒಂದು ಅಂಗಡಿ ಇತ್ತು. ಅಂಗಡಿಯಂವಗ ಕೈ ಮುಗದು, "ತಮ್ಮಾ, ನಮ್ಮ ಗವಿ ದಾರಿ ಇದರಾಗ ಕುಂತೈತಂತ. ಒಂಚೂರು ಅಳಸಿ ಬಿಡಪಾ" ಅಂದೆ.

"ಇದರಾಗ ಅಳಸಿದ್ರ ಏನಾತ್ರಿ? ಜಗತ್ತಿನಾಗಿನ ಎಲ್ಲಾ ಕಂಪ್ಯೂಟರಿನಾಗೂ ಕಾಣತೈತಿ."

"ಎಲ್ಲಾ ಅಂದ್ರ? ರಾಮದುರ್ಗದಾಗೂ?"

"ಅಮೇರಿಕಾದಾಗೂ ಕಾಣತೈತ್ರಿ."

ಅಮೇರಿಕಾದವರು ಬರೋದು ತಡ ಆಗತೈತಿ, ರಾಮದುರ್ಗದವರು ಬುತ್ತಿ ಕಟಗೊಂಡು ನಾಳೇನ ಬರತಾರ. ನನಗ ಅವರದ ಚಿಂತಿ. ಕಡೀಕ ಅಂಗಡಿಯಂವ, ಫೋಟೋದ ಕೆಳಗ ನಾವೂ ಎರಡು ಮಾತು ಬರೀಬಹುದು ಅಂದ. ನಾ ಹೇಳಿದೆ, ಅಂವ ಟೈಪ್ ಮಾಡಿದ: "ದಯಮಾಡಿ ಯಾರೂ ಬರಬ್ಯಾಡ್ರಿ. ಒಳಗ ಹೊಂಡ ಐತಿ. ಅದರ ತಳ ಇಲ್ಲೀತನಾ ಯಾರೂ ಕಂಡಿಲ್ಲ." ಅಂದು ರಾತ್ರಿ ನಿದ್ದಿ ಚಲೋ ಬಂತು.

ಐತವಾರ ಗುಡ್ಡ ಹತ್ತಿದ್ರ, ಮಂದಿ ದುಪ್ಪಟ್ಟು. ಮುಂದ ನಿಂತಂವ ನನ್ನ ನೋಡಿದವನ ಕೇಳಿದ: "ಕಾಕಾ, ಯಾರೂ ತಳ ಕಾಣದ ಹೊಂಡ ಐತೆಲ್ಲಾ, ಅದು ಎಡಕ್ಕೋ ಬಲಕ್ಕೋ?"

ಬೇಲಿ

ಸಾಹೇಬ್ರಿಗೆ ಹೇಳಿ ಗವಿ ಬಾಗಲಕ್ಕ ಜಾಲಿಮುಳ್ಳಿನ ಬೇಲಿ ಬಡಸಿದೆ. ಬಾಜೂಕ ಒಂದು ಬೋರ್ಡು. ಪೇಂಟರ್‌ಗೆ, "ನೋಡಿದವನ ಎದಿ ಝಲ್ ಅನಬೇಕು, ಹಂಗ ಬರೀಪಾ" ಅಂತ ಹೇಳಿದ್ದೆ. ಅಂವ ಒಂದು ತಲಿಬುರುಡಿ, ಅಡ್ಡಡ್ಡ ಎರಡು ಎಲುಬು, ಕೆಳಗ ಕೆಂಪು ಅಕ್ಷರದಾಗ "ಅಪಾಯ" ಅಂತ ಬರದ. ಮೊದಲ ದಿನ ನನಗ ಅದರ ಹಂತ್ಯಾಕ ಕುಂದರಾಕ ಆಗಲಿಲ್ಲ.

ಐತವಾರ ಬಂದವರು ಬೋರ್ಡಿನ ಮುಂದ ಪಾಳಿ ಹಚ್ಚಿದ್ರು. ಒಬ್ಬೊಬ್ಬರಾಗಿ ಬುರುಡಿ ಹೆಗಲ ಮ್ಯಾಲ ಕೈ ಇಟ್ಟವರಂಗ ನಿಂತು ಫೋಟೋ! ಒಬ್ಬಾಕಿ ಹುಡುಗಿ ನನಗ, "ಅಂಕಲ್, ಸ್ವಲ್ಪ ಸರೀರಿ, ನಿಮ್ಮ ಮಾರಿ ಅಡ್ಡ ಬರತೈತಿ, ಬುರುಡಿ ಚಂದ ಕಾಣವಲ್ದು" ಅಂದ್ಲು.

ಅಷ್ಟರಾಗ ಕಿತ್ತೂರಿನಿಂದ ಒಂದು ಕುಟುಂಬ ಬಂತು. ಮುತ್ತ್ಯಾ, ಆಯಿ, ಸೊಸಿ, ಬಗಲಾಗ ಕೂಸು. ಕೂಸು ನೋಡಿದ ಕೂಡ್ಲೇ ನನಗ ಆ ಆಡು ನೆನಪಾತು. ಓಡಿ ಹೋಗಿ ಅಡ್ಡ ನಿಂತು, "ಯಜಮಾನ್ರ, ಒಳಗ ಬಿಡಂಗಿಲ್ರಿ, ಬೇಲಿ ಹಾಕೇವಿ" ಅಂದೆ.

ಮುತ್ತ್ಯಾ ಬೇಲಿ ನೋಡಿದ್ರು. ನನ್ನ ಖಾಕಿ ಅಂಗಿ ನೋಡಿದ್ರು. ಹಿಂದ ಹೊಳ್ಳಿ ಮನಿಯವರಿಗೆ, "ನಾ ಹೇಳಿದ್ದಿಲ್ಲಾ? ಸರಕಾರದವರು ಕಾಳಜಿ ತಗೊಂಡು ಬೇಲಿ ಹಾಕ್ಯಾರ ಅಂದ್ರ ಒಳಗ ನೋಡುವಂಥಾದ್ದು ಏನೋ ಐತಿ" ಅಂದವರನ, ನನ್ನ ಕಡೆ ತಿರುಗಿ ಕೇಳಿದ್ರು: "ಟಿಕೀಟು ಎಲ್ಲಿ ಕೊಡತೀರಿ?"

ಚಿರತಿ

ಈಗ ನಾ ಸುಳ್ಳಿಗೆ ಇಳದೆ. ಬಂದವರಿಗೆಲ್ಲಾ, "ಒಳಗ ಚಿರತಿ ಮರಿ ಹಾಕೈತ್ರಿ" ಅನ್ನಾಕ ಚಾಲೂ ಮಾಡಿದೆ. ಮೊದಲ ಒಂದು ಚಿರತಿ, ಎರಡು ಮರಿ ಇದ್ವು. ಯಾರರ ನಂಬಲಿಲ್ಲ ಅಂದ್ರ ಒಂದು ಮರಿ ಹೆಚ್ಚು ಮಾಡತಿದ್ದೆ. ಮಧ್ಯಾಹ್ನ ಅನ್ನೋದರಾಗ ಐದು ಮರಿ ಆದ್ವು. ಎರಡು ಐತವಾರ ಮಂದಿ ಕಡಿಮಿ ಆತು. ಆಹಾ, ಎಂಥಾ ಸುಖ!

ಆದ್ರ ಅದೂ ಇಂಟರ್ನೆಟ್‌ನಾಗ ಬಂತಂತ. ಅದನ್ನ ಓದಿ ಸಾಹೇಬ್ರು ನನ್ನ ಕರಸಿದ್ರು.

"ಚಿರತಿ ಬಂದೈತಿ ಅಂತ ಜಗತ್ತಿಗೆಲ್ಲಾ ಗೊತ್ತೈತಿ, ನನಗ ಒಂದು ಮಾತು ಹೇಳಿಲ್ಲಲ್ಲೋ ನೀ! ನಾಳೆ ನಸಿಕಿನ್ಯಾಗ ಹೋಗಿ ಹೆಜ್ಜಿ ಮೂಡ್ಯಾವೇನು ನೋಡಿಕೊಂಡು ಬಾ."

ಸುಳ್ಳು ಅಂತ ಹೇಳಾಕ ಬಾಯಿ ಬರಲಿಲ್ಲ. ಮನಿಗೆ ಬಂದು ಕುಂತೆ. ಹೇಳಿ ಹೇಳಿ ಆ ಚಿರತಿ ನನ್ನ ಕಣ್ಣಾಗ ಕಟ್ಟಿತ್ತು. ಅದರ ಮೀಸಿ ಸುದ್ದಾ ಕಾಣತಿತ್ತು. ಮುಂಜಾನೆದ್ದು ಹೊಸ್ತಿಲ ದಾಟವಲ್ಲೆ. ನನ್ನ ಹೆಂಡತಿ ಕಸಬರಗಿ ಹಿಡಕೊಂಡು ನಿಂತು ನೋಡಿದ್ಲು.

"ಯಾಕ್ರೀ, ನಿಂತ್ರಿ?"

"ಅಕಸ್ಮಾತ್ ಖರೇನ ಇದ್ರ ಏನ್ ಮಾಡ್ಲಿ?"

"ಹುಟ್ಟಿಸಿದವ್ರು ನೀವ. ಅಪ್ಪನ್ನ ಯಾವ ಮರಿನೂ ತಿನ್ನಂಗಿಲ್ಲ, ಹೋಗ್ರಿ" ಅಂದ್ಲು.

ಒಂದು ಜೋಡು

ಚಿರತಿದು ಒಂದು ಹೆಜ್ಜಿನೂ ಸಿಗಲಿಲ್ಲ, ಮಂದಿ ಮತ್ತ ಬಂದು ಬೇಲಿ ಸರಿಸಿ ಒಳಗ ಹೋಗಾಕ ಹತ್ತಿದ್ರು. ತಡಿಯೋದು ಆಗದ ಮಾತು, ಬಂದವರು ಎಲ್ಲಾರೂ ಹೊರಗ ಹೋದ್ರೋ ಇಲ್ಲೋ ಅಷ್ಟರ ನೋಡೂಣು ಅಂತ ಒಂದು ಉಪಾಯ ಹೂಡಿದೆ. ಎಂಥಾ ಕಾಲೇಜು ಹುಡುಗ ಇರಲಿ, ಸಿದ್ಧಪ್ಪನ ಕಲ್ಲಿನ ಮುಂದ ಚಪ್ಲಿ ಬಿಟ್ಟ ಒಳಗ ಹೋಗತಿದ್ದ. ಹಿಂಗಾಗಿ ಸಂಜೀಕ ಚಪ್ಲಿ ನೋಡಿದ್ರ ಮುಗೀತು. ನಾನೂ ದೇವರ ಮುಂದ ಕುಂದರಾಂವ, ನನ್ನವೂ ಅದ ಸಾಲಿನಾಗ ಬಿಡತಿದ್ದೆ. ಕಡೀಕ ಒಂದ ಜೋಡು ಉಳೀತಂದ್ರ ಅದು ನಂದು. ಮೆಟಗೊಂಡು ಸಿದ್ಧಪ್ಪಗ ಕೈ ಮುಗದು ಮನಿಗೆ ಹೋಗೋದು.

ಒಂದು ಐತವಾರ ರಾಮದುರ್ಗ, ಮನೋಳಿ ಕಡೆಯವರು ಭಾಳ ಮಂದಿ ಬಂದಿದ್ರು. ಹೊತ್ತು ಮುಣಗೋ ಹೊತ್ತಿಗೆ ಎಲ್ಲಾ ಗಾಡಿ ಹೋದ್ವು. ಎದ್ದು ನೋಡಿದ್ರ ಒಂದು ಜೋಡು ಉಳದೈತಿ. ಹಾಕಾಕ ಎತ್ತಿದ ಕಾಲು ಹಿಂದ ತಗದೆ. ನೀಲಿ ಬಾರಿನ ರಬ್ಬರ್ ಚಪ್ಲಿ. ಹರದ ಬಾರಿಗೆ ಪಿನ್ನು ಚುಚ್ಚೈತಿ.

ನನ್ನವಲ್ಲ! ಯಾರೋ ಒಳಗ ಅದಾರ!

ಗವಿಯೊಳಗ ಬಾಯಿ ಇಟ್ಟು, "ತಮ್ಮಾ, ಯಾರಪಾ ಒಳಗ? ಓ ಕೊಡಪಾ!" ಅಂತ ಒದರಿದೆ. ನನ್ನ ದನೀನ ಹೊಳ್ಳಿ ಬಂತು. ಊರಿಗೆ ಓಡಿದೆ. ಅರ್ಧ ತಾಸಿನಾಗ ಊರಿಗೆ ಊರ ಗುಡ್ಡ ಹತ್ತಿತು. ಕಂದೀಲು, ಬ್ಯಾಟ್ರಿ, ಬಾವಿ ಹಗ್ಗ, ಎತ್ತಿನ ಹಗ್ಗ, ಎಲ್ಲಾ ಬಂದ್ವು. ಸವದತ್ತಿಯಿಂದ ಸಾಹೇಬ್ರೂ ಬಂದ್ರು. ಚಪ್ಲಿ ನೋಡಿ ತಲಿ ಮ್ಯಾಲ ಕೈ ಇಟ್ಟು ಸಿದ್ಧಪ್ಪನ ಬಾಜೂಕ ಕುಂತ ಬಿಟ್ರು.

"ಹರದ ಬಾರಿಗೆ ಪಿನ್ನು ಹಚ್ಚಿಕೊಂಡಾನ. ಬಡವರ ಮಗ ಇರಬೇಕೋ" ಅಂದ್ರು. ಅದನ್ನ ಕೇಳಿ ನನಗ ಅಳು ತಡೀಲಿಲ್ಲ.

ಹೊಂಡಕ್ಕ ಇಳಿಯಾಕ ಯಾರೂ ಮುಂದ ಬರಲಿಲ್ಲ. ನಾ ಅಂಜುಬುರುಕ, ಊರಿಗೆಲ್ಲಾ ಗೊತ್ತು. ಆದ್ರ ಆ ಆಡಿನ ದನಿ ಕಿವಿಯಾಗ ಸುರು ಆಗಿತ್ತು. ಇನ್ನೊಮ್ಮೆ ಹಂಗ ಆದ್ರ ನಾ ಮನಶ್ಯಾ ಅನ್ನಿಸಿಕೊಳ್ಳಾಂಗಿಲ್ಲ. ನಾಲ್ಕು ಹಗ್ಗ ಕೂಡಿಸಿ ನಡಕ್ಕ ಕಟಗೊಂಡು, "ಬಿಡಬ್ಯಾಡ್ರೋ, ನಿಮ್ಮ ಕಾಲಿಗೆ ಬೀಳತೇನಿ" ಅಂತ ಹೇಳಿಕೋತ ಇಳದೆ. ಹದಿನೈದು ಆಳು ಮ್ಯಾಲ ಹಗ್ಗ ಹಿಡದಿದ್ರು. ಕಲ್ಲು ತರಚಿ ಅಂಗಾಲು ಹರೀತು. ಅಂತೂ ತಳ ಮುಟ್ಟಿದೆ. ಬ್ಯಾಟ್ರಿ ಬೆಳಕು ಬಿಟ್ಟು ಮೂಲಿಮೂಲಿ ನೋಡಿದೆ. ಆಡಿನ ಎಲುಬು, ಚಿಪ್ಸ್ ಚೀಟಿ, ಒಂದು ಟೊಪಿಗಿ. ಮನಶ್ಯಾ ಇಲ್ಲ.

ಮ್ಯಾಲ ಬಂದೆ. ಹುಡುಗ ಎಲ್ಲಿ ಹೋದ? ಒಬ್ಬಂವ ಭೂಮಿ ನುಂಗೇತಿ ಅಂದ. ಸಾಹೇಬ್ರು ಪೊಲೀಸರಿಗೆ ಫೋನ್ ಹಚ್ಚಾಕ ಎದ್ರು. ಅಷ್ಟರಾಗ ನನ್ನ ಹೆಂಡತಿ ಏದುಸಿರು ಬಿಡಕೋತ ಬಂದ್ಲು. ನನ್ನ ಕಾಲಾಗಿನ ರಕ್ತ ನೋಡಿ ಸೆರಗಿನಿಂದ ಒರಸಿ, ತಲಿ ಎತ್ತಿ ಕೇಳಿದ್ಲು:

"ಅಲ್ರೀ, ನಮ್ಮಪ್ಪ ತಂದು ಕೊಟ್ಟ ಕೊಲ್ಹಾಪುರಿ ಚಪ್ಲಿ ಎಲ್ಲಿ? ಮುಂಜಾನೆ ಮೆಟಗೊಂಡು ಬಂದಿದ್ರಲ್ಲಾ?"

"ಇಲ್ಲೇ, ಈ ಸಾಲಿನಾಗ..." ಅಂದೆ. ಸಾಲು ಎಲ್ಲಿ ಐತಿ? ನೀಲಿ ಬಾರಿನ ಜೋಡು ಒಂದ ಕುಂತೈತಿ.

ಊರ ಮಂದಿ ಚಪ್ಲಿ ನೋಡಿದ್ರು, ನನ್ನ ಬರಿಗಾಲು ನೋಡಿದ್ರು, ಮತ್ತ ಚಪ್ಲಿ ನೋಡಿದ್ರು. ಕಡೀಕ ಸಾಹೇಬ್ರು ಫೋನ್ ಕಿಸೆಕ್ಕ ಹಾಕ್ಕೊಂಡು, "ಬಡವರ ಮಗ ಸುಖವಾಗಿ ಮನಿ ಮುಟ್ಯಾನ. ಅದೂ ಹೊಸಾ ಚಪ್ಲಿ ಮೆಟಗೊಂಡು" ಅಂದ್ರು. ಹದಿನೈದು ಆಳು ಹಗ್ಗ ಕೈಯಾಗ ಹಿಡಕೊಂಡ ನೆಲಕ್ಕ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ. ಯಾರೂ ಸತ್ತಿಲ್ಲಲ್ಲಾ, ನಗಾಕ ಇನ್ನೇನು ಬೇಕು?

ನಾಲ್ಕು ದಿನ ಬಿಟ್ಟು ಸವದತ್ತಿ ಕಂಪ್ಯೂಟರ್ ಅಂಗಡಿಯಂವ ಹೇಳಿ ಕಳಿಸಿದ. ಹೋಗಿ ನೋಡಿದ್ರ, ಪರದೆ ತುಂಬಾ ಒಬ್ಬ ಹುಡುಗ. ನಮ್ಮ ಗುಡ್ಡದಾಗ ಒಂದು ಬಂಡೆಗಲ್ಲಿನ ಮ್ಯಾಲ ಕಾಲಿಟ್ಟು ರಾಜಾನಂಗ ನಿಂತಾನ. ಆ ಕಾಲಾಗ ನಮ್ಮ ಮಾವ ಕೊಟ್ಟ ಚಪ್ಲಿ! ಕೆಳಗ ಅವನ ಗೆಳೆಯಾರು, "ಚಪ್ಲಿ ಭಾರಿ ಅದಾವಲ್ಲೋ, ಎಲ್ಲಿ ತಗೊಂಡಿ?" ಅಂತ ಬರದಿದ್ರು. ಅದಕ್ಕ ಆ ಭೂಪ ಕೊಟ್ಟ ಉತ್ತರ ಅಂಗಡಿಯಂವ ಓದಿ ಹೇಳಿದ: "ಇದ ಗವಿ ಮುಂದ. ಸಾಲಾಗಿ ಇಟ್ಟಿರತಾರ. ನಿಮ್ಮ ಅಳತೀದು ಆರಿಸ್ಕೋರಿ."

ಮುಗೀತು ನನ್ನ ಕತಿ, ಇನ್ನ ಚಪ್ಲಿ ಕಳ್ಳರೂ ಗುಡ್ಡ ಹತ್ತತಾರ ಅಂದ್ಕೊಂಡೆ. ಐತವಾರ ಮುಂಜಾನಿಂದ ಎದಿ ಹಿಡಕೊಂಡು ಕುಂತೆ. ಹತ್ತು ಹೊಡೀತು, ಹನ್ನೊಂದು ಹೊಡೀತು, ಯಾರೂ ಇಲ್ಲ. ಹನ್ನೆರಡಕ್ಕ ಬೈಲಹೊಂಗಲದಿಂದ ಒಂದು ಗಾಡಿ ಬಂತು. ಗಂಡ, ಹೆಂಡತಿ. ಗಂಡನ ಕಾಲಾಗ ಮಿರಿಮಿರಿ ಮಿಂಚೋ ಹೊಸಾ ಬೂಟು. ಗವಿ ಬಾಗಲತನಾ ಬಂದು, ಬೂಟು ಬಿಚ್ಚಾಕ ಬಗ್ಗಿದಂವ ಹಂಗ ಎದ್ದು ನಿಂತು ಕೇಳಿದ:

"ಕಾಕಾ, ಇಲ್ಲಿ ಕಾಲಾಗಿನವು ಹೋಗತಾವಂತ ಇಂಟರ್ನೆಟ್‌ನಾಗ ಬಂದೈತಿ. ಖರೆ ಏನ್ರಿ?"

ನಾ ಎರಡೂ ಬರಿಗಾಲು ಮುಂದ ಚಾಚಿ, "ನಾ ಇಲ್ಲಿ ಕಾವಲಿಗೆ ಇರಾಂವ್ರಿ ತಮ್ಮಾ. ನನ್ನವ ಹೋಗ್ಯಾವ" ಅಂದೆ.

ತಲಿಬುರುಡಿಗೆ ಅಂಜಲಿಲ್ಲ, ಐದು ಮರಿ ಹಾಕಿದ ಚಿರತಿಗೆ ಎರಡು ಐತವಾರದ ಮ್ಯಾಲ ಅಂಜಲಿಲ್ಲ, ತಳ ಕಾಣದ ಹೊಂಡಕ್ಕೂ ಅಂಜಲಿಲ್ಲ ಈ ಮಂದಿ. ಆ ಬೂಟಿನಂವ ಮಾತ್ರ ಹೆಂಡತಿ ಗಾಡಿ ಮ್ಯಾಲ ನೆಟ್ಟಗ ಕುಂತಾಳೋ ಇಲ್ಲೋ ಹೊಳ್ಳಿ ನೋಡದ ಗುಡ್ಡ ಇಳದ.