ದುಖಾನ್ ರಸ್ತೆಯ ಕಂಟ್ರಿ ಪಂಡಿತ

ನಮಗೆ ಇಷ್ಟವಾದದ್ದು ಊರಿಗೆಲ್ಲ ಇಷ್ಟವಾಗಲಿ ಎಂದು ಹಂಬಲಿಸುತ್ತೇವೆ. ನಿಜವಾಗಿ ಇಷ್ಟವಾಗಿಬಿಟ್ಟರೆ ಹೊಟ್ಟೆ ಉರಿಯುತ್ತದೆ. ಬೇರೆಯವರ ಹೊಟ್ಟೆಯ ಸಂಗತಿ ಗೊತ್ತಿಲ್ಲ, ನನ್ನದಂತೂ ಕಳೆದ ಚಳಿಗಾಲದಲ್ಲಿ ಚೆನ್ನಾಗಿಯೇ ಉರಿಯಿತು. ಕಾರಣ, ಅಮೆರಿಕದ ಕಂಟ್ರಿ ಸಂಗೀತ. ಕರಾವಳಿಯ ಶೆಟ್ಟಿಗೂ ಅಮೆರಿಕದ ದನಗಾಹಿಗಳ ಹಾಡಿಗೂ ಎಲ್ಲಿಯ ನಂಟು ಎನ್ನುತ್ತೀರಾ? ನಾನು ದೋಹಾದಿಂದ ದೂರ ಮರುಭೂಮಿಯಲ್ಲಿರುವ ತೈಲದ ಊರು ದುಖಾನಿಗೆ ಬಂದ ಹೊಸತರಲ್ಲಿ ಮೇಲಧಿಕಾರಿಯಾಗಿದ್ದ ಟೆಕ್ಸಾಸಿನ ಮುದುಕ, ಊರಿಗೆ ಮರಳುವಾಗ ಒಂದು ಪೆಟ್ಟಿಗೆ ಸಿ.ಡಿ. ನನಗೆ ಕೊಟ್ಟುಹೋದ. ಅಂದಿನಿಂದ ನಮ್ಮ ಕಾಲನಿಯಲ್ಲಿ ನಾನೇ ಕಂಟ್ರಿ ಪಂಡಿತ. ಬೇರೆ ಯಾರೂ ಅದನ್ನು ಕೇಳುತ್ತಿರಲಿಲ್ಲವಾದ್ದರಿಂದ ಪದವಿಗೆ ಪೈಪೋಟಿಯೂ ಇರಲಿಲ್ಲ.

ಶುಕ್ರವಾರ ನನ್ನ ಹಳೆಯ ಕಾರಿನಲ್ಲಿ ದೋಹಾಕ್ಕೆ ಹೋಗುವುದು ನಮ್ಮ ರೂಢಿ. ಹೆಂಡತಿ ಸುಜಾತಾ, ಮಗಳು ದೀಕ್ಷಾ, ಜೊತೆಗೆ ಪಕ್ಕದ ಮನೆಯ ಅಶ್ರಫ್. ಅವನಿಗೆ ಅಲ್ಲಿನ ಬಿನ್ ಮಹಮೂದ್ ಬಡಾವಣೆಯಲ್ಲಿ ಅಣ್ಣನ ಮನೆ, ನಮಗೆ ಮೀನು, ಕುಚ್ಚಲಕ್ಕಿ. ದಾರಿ ಉದ್ದ, ಎರಡೂ ಕಡೆ ಮರಳು, ಯಾರೂ ಇಳಿದು ಓಡುವಂತಿಲ್ಲ. ಉಪನ್ಯಾಸಕ್ಕೆ ಇಂಥ ಸಭೆ ಇನ್ನೆಲ್ಲಿ ಸಿಕ್ಕೀತು? ಬೆಟ್ಟದ ಹಳ್ಳಿಗಳ ಪಿಟೀಲು, ಬ್ಯಾಂಜೊ ಹೇಗೆ ರೇಡಿಯೊ ಹತ್ತಿದವು, ಪೇಟೆಯ ಸ್ಟುಡಿಯೊಗಳು ಹೇಗೆ ಪಿಟೀಲುಗಳ ದಂಡು, ಕೋರಸ್ಸು ಸೇರಿಸಿ ಅವಕ್ಕೆ ಸ್ನೋ ಪೌಡರ್ ಬಳಿದು ಕೆಡಿಸಿದವು, ಆಮೇಲೆ ಡ್ರಮ್ಮು ಬಡಿದು ಹೇಗೆ ಸ್ಟೇಡಿಯಂಗಳನ್ನು ತುಂಬಿಸಿದರು ಎಂದೆಲ್ಲ ವಿವರಿಸುತ್ತಿದ್ದೆ. ಅಶ್ರಫ್ ತೂಕಡಿಸುತ್ತಿದ್ದ, ದೀಕ್ಷಾ ಇಯರ್‌ಫೋನ್ ತುರುಕಿಕೊಳ್ಳುತ್ತಿದ್ದಳು. ನಾನು ಸುಖವಾಗಿದ್ದೆ.

ಒಂದು ಶುಕ್ರವಾರ ದೀಕ್ಷಾ ತನ್ನ ಫೋನನ್ನು ಕಾರಿಗೆ ಜೋಡಿಸಿದಳು. ಧಡಧಡ ಡ್ರಮ್ಮು, ನಡುವೆ ಪಟಪಟ ಮಾತು, ಮೂಲೆಯಲ್ಲೆಲ್ಲೋ ಒಂದು ಬಡಪಾಯಿ ಬ್ಯಾಂಜೊ.

"ಪಪ್ಪ, ಇದು ಕಂಟ್ರಿ. ನನ್ನ ಕ್ಲಾಸಲ್ಲಿ ಎಲ್ರೂ ಇದನ್ನೇ ಕೇಳೋದು" ಎಂದಳು. ಅಶ್ರಫ್ ಎಚ್ಚರಗೊಂಡು ತೊಡೆಯ ಮೇಲೆ ತಾಳ ಹಾಕತೊಡಗಿದ. ನನ್ನ ಪದವಿಗೆ ಕುತ್ತು ಬಂದದ್ದು ಖಚಿತವಾಯಿತು. "ಇದು ಕಂಟ್ರಿಯೇ ಅಲ್ಲ!" ಎಂದು ಗುಡುಗಿ, ಅಪ್ಪಟ ಮಾಲು ಹೇಗಿರುತ್ತದೆಂದು ತೋರಿಸಲು ಮುದುಕನ ಸಿ.ಡಿ.ಯೊಂದನ್ನು ಹಾಕಿಸಿದೆ.

ಅಶ್ರಫ್ ಮೊದಲ ಬಾರಿಗೆ ಗಮನವಿಟ್ಟು ಕೇಳಿದ. ಅದೇ ಎಡವಟ್ಟಾಯಿತು.

"ಶೆಟ್ರೇ, ಒಂದು ಡೌಟು. ಹಿಂದಿನಿಂದ ಒಂದು ಲೋಡು ಪಿಟೀಲು ಕೇಳ್ತದೆ, ಕೋರಸ್ಸೂ ಉಂಟು. ದನ ಕಾಯ್ಲಿಕ್ಕೆ ಅಷ್ಟು ಜನ ಯಾಕೆ ಮಾರಾಯ್ರೆ?"

ಇಷ್ಟು ವರ್ಷ ಅಪ್ಪಟವೆಂದು ನಾನು ಪೂಜಿಸಿದ್ದು ನಾನೇ ಬೈಯುತ್ತಿದ್ದ ಸ್ನೋ ಪೌಡರ್ ಕಾಲದ ಹಾಡು! ಸದ್ದು ತಗ್ಗಿಸಲು ಗುಂಡಿಯತ್ತ ಕೈ ಚಾಚಿದೆ. ಸುಜಾತಾ ಅಷ್ಟಕ್ಕೆ ಬಿಡಲಿಲ್ಲ.

"ಮೊನ್ನೆ ನಮ್ಮ ತುಳುವರ ಕಾರ್ಯಕ್ರಮದಲ್ಲಿ ಗದ್ದೆಯಲ್ಲಿ ನೇಜಿ ನೆಡುವ ಹಾಡಿಗೆ ಕೀಬೋರ್ಡು, ಡ್ರಮ್ಮು ಹಾಕಿದ್ರಲ್ಲ, ಸ್ಟೇಜಿನೆದುರು ಹೋಗಿ ಕುಣಿದದ್ದು ಯಾರು? ನನ್ನ ಅಮ್ಮ ಕೆಸರಲ್ಲಿ ಬಗ್ಗಿ ಹಾಡ್ತಾ ಇದ್ದ ಹಾಡದು."

"ಅದು ಬೇರೆ."

"ಎಂತ ಬೇರೆ?"

"ಅದು ನಮ್ಮದು."

"ಹಾಗಾದ್ರೆ ಇದು ನಿಮ್ಮದಾದದ್ದು ಯಾವಾಗ?"

"ಖಲಾಸ್" ಎಂದು ಅಶ್ರಫ್ ತೀರ್ಪು ಕೊಟ್ಟ.

ಈಗ ಹೋಗುವಾಗ ಮಗಳ ಹಾಡು, ಬರುವಾಗ ನನ್ನದು ಎಂದು ರಾಜಿಯಾಗಿದೆ. ಕಾರಿನಲ್ಲಿ ನೆಮ್ಮದಿಯಿದೆ. ಹೋಗುವಾಗ ಸ್ಟೀರಿಂಗಿನ ಮೇಲೆ ನನ್ನ ಬೆರಳು ತಾಳ ಹಾಕುವುದನ್ನು ಯಾರೂ ನೋಡಿಲ್ಲವೆಂದೇ ಭಾವಿಸಿದ್ದೇನೆ. ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಮಂಡ್ಯದ ಎಂಜಿನಿಯರ್ ಅದೇ ಧಡಧಡ ಹಾಡನ್ನು ಗುನುಗುತ್ತಿದ್ದರು. "ಈ ಥರದ್ದು ನೀವೂ ಕೇಳ್ತೀರಾ ಸಾರ್?" ಎಂದರು. "ದುಖಾನಿನಲ್ಲಿ ಇದನ್ನು ಮೊದಲು ಕೇಳಿದವನೇ ನಾನು" ಎಂದೆ. ಪಾಪ, ಶುಕ್ರವಾರ ದೋಹಾಕ್ಕೆ ಹೋಗಲು ಅವರಿಗೆ ಕಾರಿಲ್ಲವಂತೆ. ನಮ್ಮಲ್ಲಿ ಒಂದು ಸೀಟು ಖಾಲಿಯಿದೆ ಎಂದು ಹೇಳಿದ್ದೇನೆ.